ಐದನೇ ಕ್ಲಾಸಿನ ಗಂಡ

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಕರಡಯ್ಯ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವನ ಕಸುಬು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಬಳಸುವವರಿಲ್ಲದೆ ಅದು ಅವನಿಗೇ ಮರೆತುಹೋಗುವಂತಾಗಿತ್ತು. ಪ್ರೆಸ್ಸಿನ ಹಿಂಭಾಗದಲ್ಲಿ, ಕಾಗದ ಕತ್ತರಿಸುವ ಯಂತ್ರದ ಪಕ್ಕದಲ್ಲಿ, ಒಂದು ಕಾಲು ಗಿಡ್ಡವಾಗಿದ್ದ ಮೇಜು ಅವನದು. ಆ ಕಾಲಿನ ಕೆಳಗೆ ಹಳೇ ರೇಸ್ ಪುಸ್ತಕವೊಂದನ್ನು ಮಡಚಿ ತುರುಕಿದ್ದ. ಕೈಯಲ್ಲೊಂದು ಕೆಂಪು ಪೆನ್ನು, ಕಿವಿಯ ಮೇಲೆ ಇನ್ನೊಂದು. ಊಟದ ಹೊತ್ತಿಗೆ ಕಿವಿಯ ಮೇಲಿನದನ್ನು ಮರೆತು ಮೇಜಿನ ತುಂಬ ಹುಡುಕುವುದು ದಿನನಿತ್ಯದ ಕಾರ್ಯಕ್ರಮ.

ಪ್ರೆಸ್ಸಿಗೆ ಬಿಲ್ ಪುಸ್ತಕ, ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲ ಬರುತ್ತಿದ್ದವು. ಆದರೆ ಅಲ್ಲಿದ್ದವರ ಹೊಟ್ಟೆ ತುಂಬಿಸುತ್ತಿದ್ದದ್ದು ವಾರವಾರ ಅಚ್ಚಾಗುವ ರೇಸ್ ಪುಸ್ತಕ. ಕುದುರೆ ಜೂಜಿನ ಮಂದಿ ಅದನ್ನು ಪರೀಕ್ಷೆಗೆ ಓದುವವರಿಗಿಂತ ಶ್ರದ್ಧೆಯಿಂದ ಓದುತ್ತಾರೆ. ಒಂದು ಅಂಕಿ ತಪ್ಪಿದರೂ ಪ್ರೆಸ್ಸಿನ ಬಾಗಿಲಿಗೆ ಬಂದು ಮಾಲೀಕರ ವಂಶಾವಳಿಯನ್ನೆಲ್ಲ ಉದ್ಧಾರ ಮಾಡಿ ಹೋಗುತ್ತಾರೆ. ಹಾಗಾಗಿ ಕರಡಯ್ಯನಿಗೆ ಅಲ್ಲಿ ಒಂದು ಬೆಲೆ ಇತ್ತು. ಅವನು ಒಂದು ದಿನವೂ ಜೂಜು ಕಟ್ಟಿದವನಲ್ಲ, ರೇಸ್ ಮೈದಾನಕ್ಕೆ ಕಾಲಿಟ್ಟವನೂ ಅಲ್ಲ. ಕುದುರೆ ಎಂಬ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದು ಒಂದೇ ಸಲ, ಅದೂ ರಸ್ತೆಯಲ್ಲಿ ಅದು ಅವನ ಮೇಲೆ ಸೀನಿದಾಗ.

ಆದರೆ ಕಾಗದದ ಮೇಲಿನ ಕುದುರೆಗಳು ಅವನಿಗೆ ಬಂಧುಬಳಗವಿದ್ದ ಹಾಗೆ. ಪುಸ್ತಕದಲ್ಲಿ ಒಂದೊಂದು ಕುದುರೆಗೂ ಮೂರು ಸಾಲು. ವಯಸ್ಸು, ಬಣ್ಣ, ಅಪ್ಪ ಅಮ್ಮನ ಹೆಸರು, ತರಬೇತಿ ಕೊಟ್ಟವನು, ಸವಾರಿ ಮಾಡುವ ಜಾಕಿ, ಹೊರಬೇಕಾದ ತೂಕ. ಪಕ್ಕದಲ್ಲಿ ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು ಎಂಬ ಅಂಕಿಗಳ ಸಾಲು. ಅದಕ್ಕೇ ಫಾರ್ಮು ಎಂದು ಹೆಸರು. ಒಂದು ಎಂದರೆ ಗೆದ್ದಿತು, ಎರಡು ಎಂದರೆ ಗೆಲ್ಲಬಹುದಿತ್ತು. ಸೊನ್ನೆ ಎಂದರೆ ಎಷ್ಟು ಹಿಂದೆ ಬಂತೆಂದು ಬರೆಯುವುದಕ್ಕೂ ಯಾರಿಗೂ ಮನಸ್ಸಿರಲಿಲ್ಲ ಎಂದರ್ಥ.

ಈ ಎಲ್ಲದರ ಮೇಲೆ ಕೂತಿರುವವನು ಹ್ಯಾಂಡಿಕ್ಯಾಪರ್. ಪ್ರತಿ ಕುದುರೆಗೂ ಅದರ ಯೋಗ್ಯತೆ ನೋಡಿ ಅಂಕ ಕೊಡುವುದು ಅವನ ಕೆಲಸ. ಆ ಅಂಕವೇ ರೇಟಿಂಗು. ಹೆಚ್ಚು ಅಂಕ ಬಂದವು ಒಂದನೇ ಕ್ಲಾಸಿನಲ್ಲಿ ಓಡುತ್ತವೆ, ಕಡಿಮೆ ಬಂದವು ಇಳಿಯುತ್ತ ಇಳಿಯುತ್ತ ಐದನೇ ಕ್ಲಾಸಿಗೆ ಬಂದು ಬೀಳುತ್ತವೆ. ಒಂದು ಸಲವೂ ಗೆಲ್ಲದವುಗಳಿಗೆ ಬೇರೆ ಓಟವೇ ಇದೆ, ಅವು ಮೇಡನ್ನುಗಳು. ಗೆದ್ದ ಕುದುರೆಗೆ ರೇಟಿಂಗು ಏರುತ್ತದೆ, ಮುಂದಿನ ಓಟದಲ್ಲಿ ಅದರ ಜೀನಿನ ಜೇಬಿಗೆ ಸೀಸದ ಪಟ್ಟಿಗಳನ್ನು ತುರುಕಿ ತೂಕ ಏರಿಸುತ್ತಾರೆ. ಸೋತದ್ದರ ರೇಟಿಂಗು ಇಳಿಯುತ್ತದೆ, ಸೀಸ ತೆಗೆದು ಹಗುರ ಮಾಡುತ್ತಾರೆ.

ಕೆಲವು ಕಿಲಾಡಿ ತರಬೇತುದಾರರು ಇದರಲ್ಲೇ ಆಟ ಆಡುತ್ತಾರೆ. ಒಳ್ಳೆಯ ಕುದುರೆಯನ್ನೇ ಇಟ್ಟುಕೊಂಡು, ಲಗಾಮು ಎಳೆದು ಹಿಡಿ ಎಂದು ಜಾಕಿಯ ಕಿವಿಯಲ್ಲಿ ಊದುತ್ತಾರೆ. ಕುದುರೆ ಏಳನೆಯದು, ಎಂಟನೆಯದು, ಸೊನ್ನೆ ಎಂದು ಬಂದು ಬಂದು ಪಾಪದ ಪ್ರಾಣಿ ಎನಿಸಿಕೊಳ್ಳುತ್ತದೆ. ಬೆನ್ನಿನ ಮೇಲಿನ ಸೀಸ ಒಂದೊಂದಾಗಿ ಇಳಿಯುತ್ತದೆ. ಕರಡಯ್ಯ ಇಂಥ ಕುದುರೆಗಳನ್ನು ಅಂಕಿಯ ವಾಸನೆಯಿಂದಲೇ ಹಿಡಿಯುತ್ತಿದ್ದ. ಹಿಡಿದು, ಅವುಗಳ ಬುದ್ಧಿವಂತಿಕೆಗೆ ಮನಸ್ಸಿನಲ್ಲೇ ಸಲಾಮು ಹೊಡೆಯುತ್ತಿದ್ದ. ಜಗತ್ತಿನಲ್ಲಿ ನೆಮ್ಮದಿಯಿಂದ ಬದುಕುವ ಗುಟ್ಟು ಇಷ್ಟೇ ಅಲ್ಲವೇ ಎಂದು ಅವನಿಗೆ ಅನಿಸಿಬಿಟ್ಟಿತು.

ಮದುವೆಯಾದ ಹೊಸತರಲ್ಲಿ ಅವನು ಚೆನ್ನಾಗಿಯೇ ಓಡಿದ್ದ. ಮೊದಲ ವಾರ ಹೆಂಡತಿ ತರಕಾರಿ ತನ್ನಿ ಎಂದಾಗ ಆರಿಸಿ ಆರಿಸಿ ಎಳೆಯ ಬೆಂಡೆಕಾಯಿ, ಗಟ್ಟಿ ಟೊಮೆಟೊ ತಂದ. ಅವಳು ಕಣ್ಣರಳಿಸಿ, "ಅಬ್ಬಾ, ನಮ್ಮಪ್ಪನಿಗೂ ಹೀಗೆ ಆರಿಸೋಕೆ ಬರ್ತಿರ್ಲಿಲ್ಲ ಕಣ್ರೀ" ಎಂದಳು. ಅವನ ಎದೆ ಉಬ್ಬಿತು. ಮಾರನೆಯ ವಾರ ತರಕಾರಿಯ ಜೊತೆ ದಿನಸಿಯ ಪಟ್ಟಿಯೂ ಬಂತು. ಅದರ ಮರುವಾರ ಹಿಟ್ಟಿನ ಗಿರಣಿ. ಆಮೇಲೆ ಗ್ಯಾಸ್ ಸಿಲಿಂಡರು, ನಲ್ಲಿ ರಿಪೇರಿ, ವಿದ್ಯುತ್ ಬಿಲ್ಲಿನ ಸಾಲು. ಒಂದು ಭಾನುವಾರ ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ತಲೆಯಲ್ಲಿ ದೀಪ ಹತ್ತಿತು. ಗೆದ್ದೆ, ಅದಕ್ಕೇ ಸೀಸ ಹೇರಿದ್ದಾರೆ.

ಅವತ್ತಿನಿಂದ ಕರಡಯ್ಯ ಲಗಾಮು ಎಳೆದ. ಕೊಳೆತ ಟೊಮೆಟೊ ಎರಡನ್ನು ಹುಡುಕಿ ತಂದು ಚೀಲದ ತಳಕ್ಕೆ ಸೇರಿಸಿದ. ಹಾಲು ಕಾಯಿಸಲು ಹೇಳಿದರೆ ಉಕ್ಕಿಸಿ, ಒಲೆಯ ಮುಂದೆ ತಲೆ ಕೆರೆದುಕೊಂಡು ನಿಂತ. ಇಸ್ತ್ರಿ ಹಾಕಲು ಹೇಳಿದರೆ ಕಾಲರಿಗೆ ಕಂದು ಮುದ್ರೆ ಒತ್ತಿದ. ಅತ್ತೆ ಬಂದು ಇವರ ಜೊತೆಯೇ ನೆಲೆಸಿದ ಮೇಲೆ, ಅವರ ಕಣ್ಣಿಗೆ ಔಷಧಿಯ ಹನಿ ಬಿಡುವ ಕೆಲಸ ಒಮ್ಮೆ ಇವನ ಪಾಲಿಗೆ ಬಂತು. ಹನಿಯನ್ನು ಅಚ್ಚುಕಟ್ಟಾಗಿ ಕಿವಿಗೆ ಬಿಟ್ಟ. ಆ ಕೆಲಸ ಮತ್ತೆ ಅವನ ಬಳಿಗೆ ಬರಲಿಲ್ಲ.

ಪ್ರೆಸ್ಸಿನಲ್ಲೂ ಅದೇ ನೀತಿ. ಒಮ್ಮೆ ಎರಡು ಕುದುರೆಗಳ ತೂಕ ಅದಲುಬದಲಾದದ್ದನ್ನು ಹಿಡಿದು ಮಾಲೀಕರಿಂದ ಬೆನ್ನು ತಟ್ಟಿಸಿಕೊಂಡ. ತಟ್ಟಿದ ಕೈ ಹಾಗೇ ಒಂದು ಕಟ್ಟು ಪ್ರಶ್ನೆಪತ್ರಿಕೆಯನ್ನೂ ಮೇಜಿನ ಮೇಲಿಟ್ಟು ಹೋಯಿತು. ಮುಂದಿನ ವಾರ ಕರಡಯ್ಯ ಒಂದು ಪುಟದ ಸಂಖ್ಯೆಯನ್ನು ತಲೆಕೆಳಗಾಗಿ ಹೋಗಲು ಬಿಟ್ಟ. ಕಟ್ಟು ಬೇರೆಯವರ ಮೇಜಿಗೆ ಹೋಯಿತು.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಓಣಿಯಲ್ಲಿ, ನೆಂಟರಲ್ಲಿ ಅವನಿಗೆ ಒಂದು ಗಟ್ಟಿಯಾದ ಹೆಸರು ಬಂತು. ಒಳ್ಳೆಯವನು, ಪಾಪ, ಏನೂ ಕೈಲಾಗದು. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಮನೆ ಬದಲಿಸುವಾಗ ಊರಿನವರನ್ನೆಲ್ಲ ಬೀರು ಹೊರಲು ಕರೆದ, ಕರಡಯ್ಯನಿಗೆ ಮಾತ್ರ ಕುರ್ಚಿ ಕೊಟ್ಟು ಕೂರಿಸಿದ. ಅವನು ಕೂತು ಚಹಾ ಕುಡಿಯುತ್ತ, ಬೆವರು ಸುರಿಸುತ್ತಿದ್ದ ಒಂದನೇ ಕ್ಲಾಸಿನ ಕುದುರೆಗಳನ್ನೆಲ್ಲ ನೋಡಿ ಒಳಗೊಳಗೇ ನಕ್ಕ. ತಾನು ನಿಜಕ್ಕೂ ಓಡಲು ನಿಂತರೆ ಇವರೆಲ್ಲ ಧೂಳು ತಿನ್ನಬೇಕು ಎಂದು ಅವನಿಗೆ ಪೂರ್ತಿ ನಂಬಿಕೆ ಇತ್ತು. ಬೆಪ್ಪುತಕ್ಕಡಿ ಎಂದು ಕರೆಸಿಕೊಂಡು ಒಳಗೆ ಜಾಣನಾಗಿರುವ ಸುಖ ಅನುಭವಿಸಿದವರಿಗೇ ಗೊತ್ತು.

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಾಗಿಲಿನ ಬೆಳಕಿಗೆ ಹೊಂದಿಸಿಟ್ಟ ಯಂತ್ರ, ಗೋಡೆಗೆ ಒರಗಿಸಿದ ಕತ್ತರಿಸುವ ಹಲಗೆ, ಕೊರಳಲ್ಲಿ ಅಳತೆಯ ಟೇಪು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿ, ತೊಳೆದರೆ ಇದು ಎಷ್ಟು ಕುಗ್ಗುತ್ತದೆ ಎಂದು ಹೇಳಿಬಿಡುತ್ತಿದ್ದಳು. ಆ ಬೆರಳುಗಳೇ ಅವಳ ಬಂಡವಾಳ. ಅದೇ ಕೈಯಲ್ಲಿ ಸಿಲಿಂಡರು ಉರುಳಿಸುತ್ತಿದ್ದಳು, ಅಕ್ಕಿಮೂಟೆ ಎಳೆಯುತ್ತಿದ್ದಳು, ನೀರಿನ ಬಕೆಟ್ಟು ಮಹಡಿಗೆ ಹೊರುತ್ತಿದ್ದಳು. ಗಂಡ ಎತ್ತಲು ಹೋದರೆ ಬೀಳಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಒಂದು ದಿನ ಕತ್ತರಿ ಅವಳ ಕೈಯಿಂದ ತಾನಾಗಿ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಬೆರಳುಗಳು ಮರಗಟ್ಟುತ್ತಿದ್ದುದನ್ನು ಅವಳು ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಕೈ ತಿರುಗಿಸಿ, ಒತ್ತಿ, ಸೂಜಿಯಿಂದ ಚುಚ್ಚಿ ನೋಡಿದರು. ಮಣಿಕಟ್ಟಿನ ಒಳಗೆ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್ನು ಸಾಕು ಎಂದರು. ಆಮೇಲೆ ಒಂದೂವರೆ ತಿಂಗಳು ಭಾರ ಎತ್ತುವ ಹಾಗಿಲ್ಲ, ಒದ್ದೆ ಮಾಡುವ ಹಾಗಿಲ್ಲ. ತಡ ಮಾಡಿದರೆ ಬೆರಳ ತುದಿಯ ಸ್ಪರ್ಶ ಹೋಗಿಯೇಬಿಡುತ್ತದೆ, ಮತ್ತೆ ಬರುವುದಿಲ್ಲ ಎಂದೂ ಹೇಳಿದರು.

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ, "ಆಪರೇಷನ್ ಬೇಡ" ಎಂದಳು.

"ಯಾಕೇ?" ಎಂದರು ಅತ್ತೆ, ಕಪ್ಪು ಕನ್ನಡಕ ಸರಿಮಾಡಿಕೊಳ್ಳುತ್ತ.

"ಒಂದೂವರೆ ತಿಂಗಳು ಮನೆ ನೋಡ್ಕೊಳ್ಳೋರು ಯಾರಮ್ಮ?"

ಹಾಗೆಂದವಳೇ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಅವಳ ಕಣ್ಣು ಕೂತಲ್ಲಿಂದ ಏಳಲು ಕಷ್ಟಪಡುವ ಅಮ್ಮನ ಮೇಲೆ ನಿಂತಿತು. ಯಂತ್ರದ ಮೇಲೆ ನಿಂತಿತು. ಕಿಟಕಿಯಲ್ಲಿ ಕೂತಿದ್ದ ಪಕ್ಕದ ಮನೆಯ ಬೆಕ್ಕಿನ ಮೇಲೂ ಒಂದು ಕ್ಷಣ ನಿಂತಿತು. ಬಾಗಿಲ ಬಳಿ ಔಷಧಿ ಚೀಲ ಹಿಡಿದು ನಿಂತಿದ್ದ ಗಂಡನ ಮೇಲೆ ಮಾತ್ರ ನಿಲ್ಲದೆ ಜಾರಿ ಹೋಯಿತು. ಬೈದಿದ್ದರೆ ಅವನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದ. ಅವಳಿಗೆ ಅವನ ಲೆಕ್ಕವೇ ಇರಲಿಲ್ಲ. ಇಪ್ಪತ್ತು ವರ್ಷ ಬೆವರಿಳಿಸದೆ ಗಳಿಸಿದ ಸೊನ್ನೆ ಅವತ್ತು ಅವನಿಗೆ ಸಿಕ್ಕಿತು, ಸಿಕ್ಕಿದ ಮೇಲೆ ಗಂಟಲಲ್ಲಿ ಇಳಿಯಲಿಲ್ಲ.

ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಬೇಕಾದಷ್ಟಿತ್ತು. ಪ್ರೀತಿ ಬೇರೆ, ಅಕ್ಕಿಮೂಟೆ ಬೇರೆ ಎಂದು ಇಟ್ಟುಕೊಂಡಿದ್ದ, ಅಷ್ಟೇ. ಈಗ ಅವಳ ಬೆರಳು ಹೋಗುತ್ತದೆ ಎಂದಾಗ ಲಗಾಮು ಬಿಟ್ಟು ಓಡಿಯೇಬಿಡಬೇಕು ಎಂದು ತೀರ್ಮಾನಿಸಿದ.

ಭಾನುವಾರ ಎಲ್ಲರಿಗಿಂತ ಮೊದಲು ಎದ್ದ. ಹಾಲಿನ ಪಾತ್ರೆಯ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ನಿಂತು, ಉಕ್ಕುವ ಮುನ್ನ ಇಳಿಸಿದ. ಅನ್ನ ಮುದ್ದೆಯಾಗದ ಹಾಗೆ ಬೇಯಿಸಿದ. ಚಹಾ ಮಾಡಿ, ಸೋಸಿ, ಸಕ್ಕರೆಯ ಬದಲು ಉಪ್ಪು ಹಾಕದೆ ಕೊಟ್ಟ. ನೆಲ ಒರೆಸಿದ, ಮೂಲೆಗಳನ್ನೂ ಬಿಡಲಿಲ್ಲ. ಖಾಲಿ ಸಿಲಿಂಡರು ತೆಗೆದು ತುಂಬಿದ್ದನ್ನು ಜೋಡಿಸಿದ. ಕೊನೆಗೆ ಅತ್ತೆಯ ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆ ಬಿಡಿಸಿ, ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟ. ಕೆನ್ನೆಗೂ ಸೋರಲಿಲ್ಲ. ಕೊರಳನ್ನು ಮುಂದಕ್ಕೆ ಬಗ್ಗಿಸಿ, ಹಾರ ಹಾಕಿಸಿಕೊಳ್ಳುವವನ ಹಾಗೆ ಅಡುಗೆಮನೆಯ ನಡುವೆ ನಿಂತ.

ಹಾರ ಬರಲಿಲ್ಲ. ಅತ್ತೆ ಮಗಳನ್ನು ಪಕ್ಕಕ್ಕೆ ಕರೆದು, "ಅಕ್ಕನಿಗೆ ಫೋನ್ ಮಾಡು, ಬೇಗ" ಎಂದು ಪಿಸುಗುಟ್ಟಿದರು. ಎರಡು ಬೀದಿ ಆಚೆಯಿಂದ ಹೆಂಡತಿಯ ಅಕ್ಕ, ಅಂದರೆ ಅವನ ಅತ್ತಿಗೆ, ಏದುಸಿರು ಬಿಡುತ್ತ ಬಂದರು.

ಕರಡಯ್ಯನಿಗೆ ಇದು ಗೊತ್ತಿದ್ದ ವಿಷಯವೇ. ರೇಸಿನಲ್ಲಿ ಸೊನ್ನೆಯ ಮೇಲೆ ಸೊನ್ನೆ ತಂದ ಕುದುರೆ ಒಂದು ದಿನ ದಿಢೀರನೆ ಗೆದ್ದರೆ, ಇಷ್ಟು ದಿನ ಮೋಸ ನಡೆದಿದೆ ಎಂದು ಜನ ಕಲ್ಲು ಹುಡುಕುತ್ತಾರೆ. ಸ್ಟೀವರ್ಡುಗಳು, ಅಂದರೆ ಮೈದಾನದ ಪಂಚರು, ತರಬೇತುದಾರನನ್ನು ಕೋಣೆಗೆ ಕರೆಸಿ ವಿಚಾರಣೆಗೆ ಕೂರುತ್ತಾರೆ. ಈಗ ಅವನ ಅಡುಗೆಮನೆಯ ಮೇಜಿನ ಸುತ್ತ ಮೂವರು ಪಂಚರು ಕೂತಿದ್ದರು. ನಡುವೆ ಅತ್ತೆ, ಎಡಕ್ಕೆ ಅತ್ತಿಗೆ, ಬಲಕ್ಕೆ ಮರಗಟ್ಟುವ ಕೈಗೆ ಪಟ್ಟಿ ಸುತ್ತಿಕೊಂಡ ಹೆಂಡತಿ.

"ನಿಜ ಹೇಳಿ ಅಳಿಯಂದಿರೇ, ಯಾರನ್ನಾದ್ರೂ ಇಟ್ಕೊಂಡಿದೀರಾ?" ಅತ್ತೆ ನೇರವಾಗಿ ವಿಷಯಕ್ಕೆ ಬಂದರು.

"ಅಯ್ಯೋ, ಇಲ್ಲ ಅತ್ತೆ!"

"ಇವರನ್ನ ಯಾರಮ್ಮ ಇಟ್ಕೋತಾರೆ," ಎಂದು ಅತ್ತಿಗೆ ತಾಯಿಯನ್ನು ಸಮಾಧಾನ ಮಾಡಿ, ಇವನ ಕಡೆ ತಿರುಗಿದರು. "ಕೆಲಸ ಹೋಯ್ತಾ? ಹೇಳ್ಬಿಡಿ, ಯಾರೂ ಬೈಯೋಲ್ಲ."

"ಕೆಲಸ ಇದೆ ಅತ್ತಿಗೆ."

"ಮತ್ತೆ ಏನಾಯ್ತು ನಿಮಗೆ?"

ತರಬೇತುದಾರರು ಇಂಥ ಹೊತ್ತಿನಲ್ಲಿ ಏನೇನು ಹೇಳುತ್ತಾರೆ ಎಂಬುದು ಕರಡಯ್ಯನಿಗೆ ಬಾಯಿಪಾಠ. ಹಿಂದಿನ ಸಲ ಕುದುರೆಗೆ ಹೊಟ್ಟೆ ಸರಿಯಿರಲಿಲ್ಲ ಸ್ವಾಮಿ. ಈ ಸಲ ಕಣ್ಣಿಗೆ ಪಟ್ಟಿ ಕಟ್ಟಿದೆವು ಸ್ವಾಮಿ. ಮಣ್ಣು ಮೆತ್ತಗಿತ್ತು ಸ್ವಾಮಿ. ಅಂಥದ್ದೇ ಒಂದನ್ನು ಅವನೂ ಎಸೆಯಬಹುದಿತ್ತು. ಆದರೆ ಹಾಗೆಂದರೆ ಇವತ್ತಿನದು ಅದೃಷ್ಟದ ಓಟ ಎಂದಾಗುತ್ತದೆ. ನಾಳೆ ಮತ್ತೆ ಹಾಲು ಉಕ್ಕಿಸುವ ಗಂಡನನ್ನು ನಂಬಿ ಅವಳು ಆಪರೇಷನ್ನಿಗೆ ಹೋಗುವುದಿಲ್ಲ. ಅವಳನ್ನು ನಂಬಿಸಬೇಕಾದರೆ ಒಂದೇ ದಾರಿ ಇತ್ತು, ಆ ದಾರಿ ಮಹಾ ಕೆಟ್ಟದಾಗಿತ್ತು.

"ನನಗೆ ಮೊದಲಿಂದಲೂ ಬರ್ತಿತ್ತು," ಎಂದ.

"ಏನು ಬರ್ತಿತ್ತು?" ಎಂದಳು ಹೆಂಡತಿ.

"ಎಲ್ಲಾ. ತರಕಾರಿ, ಹಾಲು, ಇಸ್ತ್ರಿ. ಬೇಕೂಂತಲೇ ಕೆಡಿಸ್ತಿದ್ದೆ ಕಣೇ. ಚೆನ್ನಾಗಿ ಮಾಡಿದ್ರೆ ಇನ್ನಷ್ಟು ಹೊರಿಸ್ತೀಯ ಅಂತ... ಲಗಾಮು ಎಳ್ಕೊಂಡಿದ್ದೆ."

ಅತ್ತೆ ನಿಧಾನವಾಗಿ ಕನ್ನಡಕ ತೆಗೆದರು.

"ಕಿವಿಗೆ ಬಿಟ್ಟಿದ್ದೂ?"

"ಹೌದು ಅತ್ತೆ."

"ಅಯ್ಯೋ ಪಾಪಿ! ಕಿವಿ ಮುಚ್ಕೊಂಡಿದೆ ಅಂತ ನಾನು ವಾರಗಟ್ಟಲೆ ಬಿಸಿ ಎಣ್ಣೆ ಬಿಟ್ಕೊಂಡ್ನಲ್ಲಪ್ಪ!"

ಅತ್ತಿಗೆಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೆಂಡತಿ ನಗಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿ ಇಟ್ಟಳು. ಅವನು ದಿನವೂ ಊಟದ ಹೊತ್ತಿಗೆ ಕುದುರೆ ಪುರಾಣ ಹೇಳಿ ಹೇಳಿ ಅವಳಿಗೂ ಅದೆಲ್ಲ ತಲೆಗೆ ಹತ್ತಿತ್ತು.

"ನಿಮ್ಮ ಬೆನ್ನಿಂದ ಇಳಿಸಿದ ಸೀಸ ಎಲ್ಲಿಗೆ ಹೋಯ್ತು ಅಂದ್ಕೊಂಡ್ರಿ?" ಎಂದಳು.

ಅವನು ಆ ಕೈಯನ್ನೇ ನೋಡಿದ. ರೇಸಿನಲ್ಲಿ ತೆಗೆದ ಸೀಸವನ್ನು ತೂಕದ ಕೋಣೆಯ ಪೆಟ್ಟಿಗೆಗೆ ಹಾಕುತ್ತಾರೆ. ಮನೆಯಲ್ಲಿ ಅಂಥ ಪೆಟ್ಟಿಗೆ ಇರುವುದಿಲ್ಲ ಎಂದು ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ.

"ನಿಮ್ಮನ್ನ ಕೈಲಾಗದವರು ಅಂದ್ಕೊಂಡಿದ್ದೆ," ಎಂದಳು. ಅವಳ ದನಿ ಏರಲಿಲ್ಲ. "ಯಾರಾದ್ರೂ ನಿಮ್ಮನ್ನ ಆಡ್ಕೊಂಡ್ರೆ ನಿಮ್ಮ ಪರವಾಗಿ ಜಗಳ ಆಡಿದೀನಿ. ಈ ಅಕ್ಕನ ಜೊತೇನೇ ಆಡಿದೀನಿ, ಕೇಳಿ. ಕೈಲಾಗದವರ ಮೇಲೆ ನಂಗೆ ಯಾವತ್ತೂ ಕೋಪ ಬಂದಿರ್ಲಿಲ್ಲ. ಈಗ ಬರ್ತಿದೆ."

ಎದ್ದು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರದ ಸದ್ದು ಶುರುವಾಗಲಿ ಎಂದು ಅವನು ಕಾದ. ಶುರುವಾಗಲಿಲ್ಲ. ಬದುಕಿನಲ್ಲಿ ಇಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ, ಆ ನಾಚಿಕೆಯನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗವೂ ಸಿಗಲಿಲ್ಲ. ಪಾತ್ರೆ ತೊಳೆದ. ತೊಳೆದ ಪಾತ್ರೆಯನ್ನು ಮತ್ತೆ ತೊಳೆದ.

ಅವಳು ಮಾತು ಬಿಟ್ಟಳು. ಊಟಕ್ಕೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ಎದ್ದು ಹೋಗುತ್ತಿದ್ದಳು. ನಡುವೆ ಅತ್ತೆಯೇ ಅಂಚೆಯವರಾಗಿ, "ಉಪ್ಪು ಕಮ್ಮಿಯಂತೆ" ಎಂದು ಇತ್ತ ಸುದ್ದಿ ಮುಟ್ಟಿಸುತ್ತಿದ್ದರು. ಕೊನೆಗೊಂದು ಸಂಜೆ ಅವನು ಪ್ರೆಸ್ಸಿನಿಂದ ಬರುವಷ್ಟರಲ್ಲಿ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರಿಗೆ ಹೇಳಿದೀನಿ. ಬುಧವಾರ ಆಪರೇಷನ್."

ಅವನ ಮುಖ ಅರಳಿತು. "ಅಂದ್ರೆ ನನ್ನ ಮೇಲೆ ನಂಬಿಕೆ..."

"ನಂಬಿಕೆ ಗಿಂಬಿಕೆ ಏನೂ ಇಲ್ಲ. ಬರತ್ತೆ ಅಂತ ನೀವೇ ಬಾಯಿಬಿಟ್ಟು ಹೇಳಿದೀರಲ್ಲ, ಮೂರು ಜನರ ಮುಂದೆ. ಇನ್ನು ಬರಲ್ಲ ಅನ್ನೋ ಹಾಗಿಲ್ಲ."

ಹೀಗೆ ಕರಡಯ್ಯನ ರೇಟಿಂಗು ಐದನೇ ಕ್ಲಾಸಿನಿಂದ ನೇರವಾಗಿ ಒಂದನೇ ಕ್ಲಾಸಿಗೆ ಹಾರಿತು. ಮನೆಯ ಸೀಸವೆಲ್ಲ ಬಂದು ಅವನ ಬೆನ್ನ ಮೇಲೆ ಕೂತಿತು.

ಮೊದಲ ವಾರ ಜೋರಾಗಿ ಓಡಿದ. ಪ್ರೆಸ್ಸಿಗೆ ಹೋಗುವ ಮುನ್ನ ಅಡುಗೆ, ಬಂದ ಮೇಲೆ ಅಡುಗೆ, ನಡುವೆ ಕುದುರೆಗಳ ಅಡುಗೆ. ಹೆಂಡತಿಗೆ ಜಡೆ ಹಾಕಿದ. ಅದು ಹಗ್ಗ ಹೊಸೆದಂತಿದ್ದರೂ ಬಿಚ್ಚಿಹೋಗಲಿಲ್ಲ. ಎರಡನೇ ವಾರಕ್ಕೆ ಅವನಿಗೆ ಒಂದು ಸತ್ಯ ಗೊತ್ತಾಯಿತು. ಭಾನುವಾರ ಗೆದ್ದದ್ದು ಗಿಡ್ಡ ಓಟ, ಶುರುವಾಯಿತು ಎನ್ನುವಷ್ಟರಲ್ಲಿ ಮುಗಿಯುವಂಥದ್ದು. ಇದು ಉದ್ದನೆಯದು. ಮೈಮುರಿದು ಕೆಲಸ ಮಾಡದ ಇಪ್ಪತ್ತು ವರ್ಷ ಸುಮ್ಮನೆ ಹೋಗಿರಲಿಲ್ಲ. ಒಳಗೆ ಒಂದನೇ ಕ್ಲಾಸಿನ ಕುದುರೆ ಲಗಾಮು ಎಳೆಸಿಕೊಂಡು ನಿಂತಿದೆ ಎಂದು ಅವನು ನಂಬಿದ್ದನಲ್ಲ, ಅದು ಯಾವಾಗಲೋ ಹುಲ್ಲು ತಿಂದು ಮಲಗಿಬಿಟ್ಟಿತ್ತು. ನಟಿಸುತ್ತ ನಟಿಸುತ್ತ ಅವನು ನಿಜವಾಗಿಯೇ ಐದನೇ ಕ್ಲಾಸಿಗೆ ಇಳಿದಿದ್ದ. ಅನ್ನ ತಳ ಹಿಡಿಯಿತು. ತರಕಾರಿಯಲ್ಲಿ ಹುಳ ಬಂತು. ಪ್ರೆಸ್ಸಿನಲ್ಲಿ ಒಂದು ಗಂಡು ಕುದುರೆಯನ್ನು ಹೆಣ್ಣು ಎಂದು ಹೋಗಲು ಬಿಟ್ಟ, ಮಾಲೀಕರು ಬಾಗಿಲಿಗೆ ಬಂದವರಿಗೆಲ್ಲ ಕೈಮುಗಿದರು. ಈ ಸಲ ಯಾವುದೂ ಬೇಕೆಂದು ಮಾಡಿದ್ದಾಗಿರಲಿಲ್ಲ.

ಒಂದು ಬೆಳಗ್ಗೆ ಹಾಲು ಉಕ್ಕಿತು. ಅವನು ಪಾತ್ರೆಯ ಎದುರಿಗೇ ನಿಂತಿದ್ದ, ನಿಂತಲ್ಲೇ ತೂಕಡಿಸಿದ್ದ. ಒಲೆ, ಕಟ್ಟೆ, ನೆಲ ಎಲ್ಲ ಹಾಲು.

"ಮತ್ತೆ ಶುರುವಾಯ್ತು ನೋಡೇ!" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು. ಅವರ ಮೂಗು ಕಣ್ಣಿಗಿಂತ ಚುರುಕು.

"ಬೇಕೂಂತ ಅಲ್ಲ ಅತ್ತೆ! ಆಣೆಗೂ ಅಲ್ಲ!" ಎಂದ. ನಂಬುವವರು ಯಾರು? ಬಟ್ಟೆ ತಂದು ನೆಲದ ಮೇಲೆ ಕೂತು ಒರೆಸತೊಡಗಿದ. ಒರೆಸುತ್ತ ಒರೆಸುತ್ತ ಕಣ್ಣಲ್ಲಿ ನೀರು ಬಂತು. ದಣಿವಿಗೆ ಬಂತೋ, ಅವಮಾನಕ್ಕೆ ಬಂತೋ, ಇಷ್ಟನ್ನೂ ಅವಳು ಒಬ್ಬಳೇ ಬಾಯಿಮುಚ್ಚಿಕೊಂಡು ಮಾಡುತ್ತಿದ್ದಳಲ್ಲ ಎಂದು ಬಂತೋ, ವಿಂಗಡಿಸುವ ತ್ರಾಣ ಅವನಿಗಿರಲಿಲ್ಲ. ಗಂಡಸು ಮೂಗೊರೆಸಿಕೊಳ್ಳುತ್ತ ಅತ್ತ.

ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು, ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು.

"ಇದು ಬೇಕೂಂತ ಮಾಡಿದ್ದಲ್ಲ. ನಂಗೆ ಗೊತ್ತು."

"ಹೇಗೆ ಗೊತ್ತು?" ಎಂದ, ತಲೆಯೆತ್ತದೆ.

"ಬೇಕೂಂತ ಉಕ್ಕಿಸಿದ ದಿನ ನೀವು ಒರೆಸ್ತಿರ್ಲಿಲ್ಲ. ತಲೆ ಕೆರ್ಕೊಂಡು ನಿಂತಿರ್ತಿದ್ರಿ. ಒರೆಸ್ತಿದ್ದಿದ್ದು ನಾನು."

ಅವಳು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಎಡಗೈಯಿಂದ ಬಟ್ಟೆಯ ಒಂದು ಅಂಚು ಹಿಡಿದಳು. ಅವನು ಬೇಡ ಎಂದರೂ ಬಿಡಲಿಲ್ಲ.

"ಮೂಲೇಲಿ ಉಳಿದಿದೆ ನೋಡಿ, ಅಲ್ಲಿ ಒರೆಸಿ. ಇರುವೆ ಬರತ್ತೆ," ಎಂದಳು. ವಿಚಾರಣೆಯ ದಿನದಿಂದ ಅವಳು ಅವನೊಂದಿಗೆ ಆಡಿದ ಮೊದಲ ಮನೆವಾರ್ತೆಯ ಮಾತು ಅದು.

ಆಮೇಲೂ ಅವನು ಒಂದನೆಯವನಾಗಿ ಬರಲಿಲ್ಲ. ಅನ್ನ ಕೆಲವು ದಿನ ತಳ ಹಿಡಿಯಿತು, ಕೆಲವು ದಿನ ಬಿಟ್ಟಿತು. ಆದರೆ ಓಟದಿಂದ ಆಚೆ ಹೋಗಲಿಲ್ಲ. ಒಂದೂವರೆ ತಿಂಗಳು ಕಳೆದು, ಡಾಕ್ಟರು ಕೈ ನೋಡಿ ಇನ್ನು ಹೊಲಿಯಬಹುದು ಎಂದ ದಿನ, ಅವಳು ಮುಂದಿನ ಕೋಣೆಯ ಬಾಗಿಲು ತೆರೆದು ಬೆಳಕಿಗೆ ಕೂತಳು. ಒಂದು ತುಂಡು ಬಟ್ಟೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು.

"ಬಂತಾ?" ಎಂದ ಅವನು.

"ಹೆಬ್ಬೆರಳು ಪೂರ್ತಿ ಬಂದಿದೆ. ಮಧ್ಯದ ಬೆರಳೂ ಬಂದಿದೆ." ತೋರುಬೆರಳನ್ನು ಬೆಳಕಿಗೆ ಹಿಡಿದು, "ತೋರುಬೆರಳು ಅರ್ಧ. ಇನ್ನಷ್ಟು ಬರಲ್ಲ ಅಂತ ಡಾಕ್ಟರು ಆಪರೇಷನ್ ದಿನವೇ ಹೇಳಿದ್ರು. ತಡ ಆಗಿತ್ತಂತೆ."

ತಡ ಮಾಡಿದ್ದು ಯಾರು ಎಂದು ಅವಳು ಹೇಳಲಿಲ್ಲ. ಅವನಿಗೆ ಹೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಆ ಬೆರಳಿನ ಹೋದ ಅರ್ಧ ತನ್ನದು ಎಂದು ಅವನಿಗೆ ಗೊತ್ತಿತ್ತು, ಕಡೆತನಕವೂ ಗೊತ್ತಿತ್ತು. ಅವಳು ಬಟ್ಟೆಯನ್ನು ಹೆಬ್ಬೆರಳು ಮಧ್ಯದ ಬೆರಳಿನ ನಡುವೆ ಬದಲಿಸಿ ಉಜ್ಜಿ, "ಇದು ನಾಲ್ಕು ಬೆರಳಷ್ಟು ಕುಗ್ಗತ್ತೆ" ಎಂದಳು.

ಆ ವಾರ ಪ್ರೆಸ್ಸಿನಲ್ಲಿ ರೇಸ್ ಪುಸ್ತಕದ ಮೊದಲ ಪುಟ ಅವನ ಕೈಗೆ ಬಂತು. ಆ ಪುಟದಲ್ಲಿ ಯಾವತ್ತೂ ಬದಲಾಗದ ನಿಯಮಗಳಿರುತ್ತವೆ, ಆದ್ದರಿಂದ ಯಾರೂ ಓದುವುದಿಲ್ಲ. ಅವನೂ ಇಷ್ಟು ವರ್ಷ ಅಕ್ಷರ ನೋಡಿದ್ದನೇ ಹೊರತು ಓದಿರಲಿಲ್ಲ. ಬಲವಿದ್ದದ್ದರ ಮೇಲೆ ಹೆಚ್ಚು, ಬಲವಿಲ್ಲದ್ದರ ಮೇಲೆ ಕಡಿಮೆ ತೂಕ ಹೊರಿಸುವುದು ಎಲ್ಲ ಕುದುರೆಗಳೂ ಗುರಿಗಂಬವನ್ನು ಒಟ್ಟಿಗೆ ಮುಟ್ಟಲಿ ಎಂಬುದಕ್ಕೆ ಎಂದು ಅಲ್ಲಿ ಬರೆದಿತ್ತು. ಸೀಸ ಶಿಕ್ಷೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಕರಡಯ್ಯ ಆ ಸಾಲಿನ ಕೆಳಗೆ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತ. ತಿದ್ದುವುದಕ್ಕೆ ಏನೂ ಇರಲಿಲ್ಲ. ಪುಟವನ್ನು ಅಚ್ಚಿಗೆ ಕಳಿಸಿದ.

ಭಾನುವಾರ ಇಬ್ಬರೂ ಮಾರುಕಟ್ಟೆಗೆ ಹೋದರು. ಬರುವಾಗ ಚೀಲ ಭಾರವಾಗಿತ್ತು. ಅವಳು ಕೈಚಾಚಿದಳು, ಅವನು ಕೊಡಲಿಲ್ಲ. "ಕೊಡ್ರೀ, ನಂಗೇನು ಕೈ ಇಲ್ವಾ" ಎಂದು ಎಳೆದಳು. ಅವನೂ ಎಳೆದ. ನಡುರಸ್ತೆಯಲ್ಲಿ ಒಂದು ಟೊಮೆಟೊ ಉರುಳಿ ಹೋಯಿತು, ಗಟ್ಟಿಯದೇ, ಅವನೇ ಆರಿಸಿದ್ದು. ಕೊನೆಗೆ ಒಂದು ಹಿಡಿಕೆ ಅವನು, ಒಂದು ಹಿಡಿಕೆ ಅವಳು ಹಿಡಿದು, ಹೆಜ್ಜೆ ಸರಿಹೋಗದೆ ಒಬ್ಬರಿಗೊಬ್ಬರು ಬೈದುಕೊಳ್ಳುತ್ತ ಮನೆಯ ಮೆಟ್ಟಿಲು ಹತ್ತಿದರು.

ಅತ್ತೆ ಬಾಗಿಲಲ್ಲಿ ಕೂತಿದ್ದರು. ಮಂಜು ಕಣ್ಣಿಗೆ ಎರಡು ನೆರಳುಗಳು ಮಾತ್ರ ಕಂಡವು.

"ಯಾರು ಮೊದಲು ಬಂದಿದ್ದು?" ಎಂದರು.

"ಇಬ್ಬರೂ ಒಟ್ಟಿಗೇ ಬಂದ್ವಿ ಅತ್ತೆ."

"ಹಾಗಾದ್ರೆ ಚೀಲ ಅವಳಿಗೆ ಕೊಟ್ಟು ನೀವು ಬನ್ನಿ, ಹನಿ ಹಾಕೋ ಹೊತ್ತಾಯ್ತು," ಎಂದು ಅವರು ಕನ್ನಡಕ ತೆಗೆದು ತಲೆ ಹಿಂದಕ್ಕೆ ಒರಗಿಸಿದರು. ಆಮೇಲೆ ಏನೋ ನೆನಪಾದವರಂತೆ ಎರಡು ಕಿವಿಯನ್ನೂ ಗಟ್ಟಿಯಾಗಿ ಮುಚ್ಚಿಕೊಂಡರು.